ಹದಿನೈದಕ್ಕೆ ಗುಜರಿ, ಐವತ್ತಕ್ಕೆ ಪರಂಪರೆ

ಪುಣೆಯಿಂದ ನಾಸಿಕದ ಹೆದ್ದಾರಿ ಹಿಡಿದು ಭೋಸರಿ, ಮೋಶಿ ದಾಟಿ ಹೋದರೆ ಚಾಕಣ ಸಿಗುತ್ತದೆ. ಮೊದಲು ಈರುಳ್ಳಿ ಮಾರುಕಟ್ಟೆಗೆ ಹೆಸರಾಗಿದ್ದ ಊರು. ಅದಕ್ಕೂ ಬಹಳ ಹಿಂದೆ, 1660ರಲ್ಲಿ, ಶಾಯಿಸ್ತಾ ಖಾನನ ದಂಡನ್ನು ಫಿರಂಗೋಜಿ ನರಸಾಳಾ ಎರಡು ತಿಂಗಳ ಹತ್ತಿರ ತಡೆದು ನಿಲ್ಲಿಸಿದ ಸಂಗ್ರಾಮದುರ್ಗ ಇರುವುದೂ ಇಲ್ಲೇ. ಇವತ್ತು ಚಾಕಣ ಎಂದರೆ ಕಾರು. ಫೋಕ್ಸ್‌ವ್ಯಾಗನ್, ಮರ್ಸಿಡಿಸ್-ಬೆಂಜ್, ಮಹೀಂದ್ರ ಕಾರ್ಖಾನೆಗಳು, ಬಜಾಜ್‌ನ ಮೋಟಾರ್‌ಸೈಕಲ್ ಕಾರ್ಖಾನೆ, ಇವಕ್ಕೆಲ್ಲ ತಗಡು, ರಬ್ಬರು, ನಟ್ಟು ಬೋಲ್ಟು ಪೂರೈಸುವ ಲೆಕ್ಕವಿಲ್ಲದಷ್ಟು ಶೆಡ್ಡುಗಳು. ಶಿಫ್ಟ್ ಬಿಡುವ ಹೊತ್ತಿಗೆ ತಳೇಗಾವ ಚೌಕದಲ್ಲಿ ನಿಂತರೆ ಮರಾಠಿ, ಹಿಂದಿಯ ನಡುವೆ ಕಲಬುರಗಿ, ವಿಜಯಪುರದ ಕನ್ನಡವೂ ಕಿವಿಗೆ ಬೀಳುತ್ತದೆ.

ಈಗಿನ ಕಾರ್ಖಾನೆಗಳಲ್ಲಿ ಕಾರಿನ ಕವಚಕ್ಕೆ ಬಣ್ಣ ಹಚ್ಚುವ ಮೊದಲು ಅದನ್ನು ಇಡಿಯಾಗಿ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ವಿದ್ಯುತ್ ಹಾಯಿಸಿ, ಕೈ ಹೋಗದ ಸಂದಿಗೊಂದಿಗಳಿಗೂ ಪ್ರೈಮರ್ ಅಂಟುವಂತೆ ಮಾಡುತ್ತಾರೆ. ತುಕ್ಕಿನ ವಿರುದ್ಧ ಮನುಷ್ಯ ಕಂಡುಕೊಂಡ ದೊಡ್ಡ ಉಪಾಯಗಳಲ್ಲಿ ಇದೊಂದು. ಅಂಥ ಕಾರ್ಖಾನೆಯಲ್ಲಿ ಎಂಟು ಗಂಟೆ ದುಡಿದು ಮನೆಗೆ ಬರುವವನಿಗೆ, ತನ್ನಪ್ಪನ ಹಳೆಯ ಕಾರಿನ ತುಕ್ಕು ಕೆರೆದು ಅದನ್ನು ಮತ್ತೆ ರಸ್ತೆಗೆ ತರಬೇಕು ಎನಿಸಿದರೆ? ಈ ದೇಶದ ಕಾನೂನು, ಶುಲ್ಕ, ಪೆಟ್ರೋಲ್ ಬಂಕು, ಹಳೆಯ ಕಾರಿನ ಶೋಕಿಯವರ ಅಭಿರುಚಿ, ಎಲ್ಲವೂ ಸೇರಿ ಅವನಿಗೆ ಹೇಳುವುದು ಒಂದೇ ಮಾತು: ಬಿಟ್ಟುಬಿಡು.

ಅಂಥವನೊಬ್ಬನನ್ನು ಕಲ್ಪಿಸಿಕೊಂಡೇ ಮಾತು ಮುಂದುವರಿಸಬಹುದು. ಇಂಡಿ ತಾಲ್ಲೂಕಿನವನು, ಖರಾಬವಾಡಿಯಲ್ಲಿ ಬಾಡಿಗೆ ಮನೆ, ತಗಡು ಒತ್ತುವ ಪ್ರೆಸ್ಸಿನ ಮೇಲೆ ಕೆಲಸ. ಊರಿನ ಹಿತ್ತಲಲ್ಲಿ, ಬೇವಿನ ಮರದ ಕೆಳಗೆ, ಅಪ್ಪ ಕೊಂಡಿದ್ದ 1981ರ ಪ್ರೀಮಿಯರ್ ಪದ್ಮಿನಿ ವರ್ಷಗಟ್ಟಲೆಯಿಂದ ನಿಂತಿದೆ. ನಂಬರ್ ಪ್ಲೇಟಿನಲ್ಲಿ ‘ಕೆಎ’ ಇಲ್ಲ, ಅದು ಬರುವುದಕ್ಕೂ ಮೊದಲಿನ ಸಂಖ್ಯೆ. ಟೈರುಗಳು ಮಣ್ಣಿಗೆ ಇಳಿದಿವೆ, ಕೋಳಿ ಒಳಗೆ ಮೊಟ್ಟೆ ಇಡುತ್ತದೆ. ಅಪ್ಪ ಫೋನಿನಲ್ಲಿ ಹೇಳುವುದಿಷ್ಟು: “ಗುಜರಿಯಾವ ಬಂದಿದ್ದ. ತೂಕದ ಮ್ಯಾಲೆ ರೊಕ್ಕ ಕೊಡ್ತೀನಿ ಅಂದಾನ. ಕೊಟ್ಟು ಬಿಡೂಣೇನಪಾ?”

ಸುಮಾರು 900 ಕಿಲೋ ತೂಗುವ ಗಾಡಿ. ತೂಕದ ಮೇಲೆ ಲೆಕ್ಕ ಹಾಕಿದರೆ ಅದು ಕಬ್ಬಿಣವೇ. ಆದರೆ ಆ ಕಬ್ಬಿಣಕ್ಕೊಂದು ವಂಶಾವಳಿ ಇದೆ. ಅದು ಕನ್ನಡಿಗರಿಗೆ ತೀರ ಹೊರಗಿನದೂ ಅಲ್ಲ. ಭಾರತದಲ್ಲೇ ಕಾರು ತಯಾರಾಗಬೇಕು ಎಂದು 1930ರ ದಶಕದಲ್ಲಿ ಪಟ್ಟು ಹಿಡಿದವರು ವಿಶ್ವೇಶ್ವರಯ್ಯ. 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಕಾರ್ಖಾನೆಗಳನ್ನು ನೋಡಿ ಬಂದು ಯೋಜನೆ ಸಿದ್ಧಪಡಿಸಿದ್ದರು. ಬ್ರಿಟಿಷ್ ಸರ್ಕಾರ ಅದಕ್ಕೆ ಒತ್ತಾಸೆಯಾಗಿ ನಿಲ್ಲಲಿಲ್ಲ. ಅವರ ಜೊತೆ ಓಡಾಡಿದ್ದ ವಾಲ್‌ಚಂದ್ ಹೀರಾಚಂದ್ ಕೊನೆಗೆ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಟ್ಟಿದರು. ಮುಂಬಯಿಯ ಕುರ್ಲಾದಲ್ಲಿ ಇಟಲಿಯ ಫಿಯಟ್ 1100 ತಯಾರಾಗತೊಡಗಿತು. ಅದೇ 1973ರಲ್ಲಿ ‘ಪ್ರೀಮಿಯರ್ ಪ್ರೆಸಿಡೆಂಟ್’ ಎಂದೂ ಮರುವರ್ಷ ‘ಪದ್ಮಿನಿ’ ಎಂದೂ ಹೆಸರು ಬದಲಿಸಿಕೊಂಡಿತು. 1089 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲೇ ಗೇರು. ಎರಡು ತಲೆಮಾರಿನ ಮದುವೆ ದಿಬ್ಬಣ, ಹೆರಿಗೆ ಆಸ್ಪತ್ರೆ, ತಿರುಪತಿ ಯಾತ್ರೆ ಎಲ್ಲ ಅದರಲ್ಲೇ ನಡೆದವು.

ಈ ಕಾರಿನ ಕೊನೆ ಹೇಗಾಯಿತು ಎಂಬುದು ಮುಂಬಯಿಯವರಿಗೆ ನೆನಪಿದೆ. ಅಲ್ಲಿ ಟ್ಯಾಕ್ಸಿಗಳಿಗೆ 20 ವರ್ಷದ ಮಿತಿ. ಕಟ್ಟಕಡೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾಗಿದ್ದು 2003ರ ಅಕ್ಟೋಬರ್ 29ರಂದು. 2023ರ ಅಕ್ಟೋಬರ್ 30ರಿಂದ ಕಪ್ಪು-ಹಳದಿ ಪದ್ಮಿನಿ ಮುಂಬಯಿ ರಸ್ತೆಯಲ್ಲಿ ಇಲ್ಲ. ಒಂದು ಕಾಲಕ್ಕೆ ಹತ್ತಾರು ಸಾವಿರ ಇದ್ದವು. ಹೋಗುವ ಹೊತ್ತಿಗೆ ಟ್ಯಾಕ್ಸಿಯವರ ಸಂಘಟನೆ ಬೇಡಿಕೊಂಡದ್ದು, ಒಂದನ್ನಾದರೂ ರಸ್ತೆಯಲ್ಲೋ ಮ್ಯೂಸಿಯಮ್ಮಿನಲ್ಲೋ ಉಳಿಸಿ ಎಂದು. ಹತ್ತಾರು ಸಾವಿರದಲ್ಲಿ ಒಂದು! ಆ ವಾರ ಪತ್ರಿಕೆಗಳ ತುಂಬ ನೆನಪುಗಳು, ಕಣ್ಣೀರು. ಇದ್ದಾಗ ತಿರಸ್ಕಾರ, ಹೋದ ಮೇಲೆ ತಿಥಿ.

ಇನ್ನು ತುಕ್ಕಿನ ಮಾತು. ಜಗಳದ ಮೂಲವೇ ಅಲ್ಲಿರುವುದರಿಂದ ಅದನ್ನು ಬಿಡಿಸಿ ಹೇಳಬೇಕು.

ಹಳೆಯ ಜೀಪಿಗೆ ಕೆಳಗೆ ಏಣಿಯಂಥ ಚಾಸಿ ಇರುತ್ತದೆ, ಮೇಲೆ ಬಾಡಿಯನ್ನು ಬೋಲ್ಟು ಹಾಕಿ ಕೂರಿಸಿರುತ್ತಾರೆ. ಬಾಡಿ ತುಕ್ಕು ಹಿಡಿದರೆ ಬಿಚ್ಚಿ ಬೇರೆ ಕೂರಿಸಬಹುದು. ಪದ್ಮಿನಿಗಾಗಲಿ ಅಂಬಾಸಡರ್‌ಗಾಗಲಿ ಅಂಥ ಪ್ರತ್ಯೇಕ ಚಾಸಿ ಇಲ್ಲ. ತಗಡುಗಳನ್ನೇ ಮಡಚಿ, ಒಂದಕ್ಕೊಂದು ವೆಲ್ಡ್ ಮಾಡಿ, ಪೆಟ್ಟಿಗೆಯಂತೆ ಕಟ್ಟಿದ ಮೈ ಅದು. ನೆಲದ ಹಾಳೆ, ಬಾಗಿಲ ಕೆಳಗಿನ ಹೊಸ್ತಿಲಿನಂಥ ಭಾಗ, ಚಕ್ರದ ಕಮಾನು, ಇವೆಲ್ಲವೂ ಭಾರ ಹೊರುತ್ತವೆ. ಸುಮಾರು ಒಂದು ಮಿಲಿಮೀಟರ್ ದಪ್ಪದ ತಗಡು ಅಷ್ಟೆ. ಆ ಹೊಸ್ತಿಲು ಒಳಗಿನಿಂದ ಟೊಳ್ಳು. ಮಳೆನೀರು ಒಳಗಿಳಿಯುತ್ತದೆ, ಮಣ್ಣು ನೀರನ್ನು ಹಿಡಿದಿಡುತ್ತದೆ, ತುಕ್ಕು ಒಳಗಿನಿಂದ ಹೊರಕ್ಕೆ ತಿನ್ನುತ್ತ ಬರುತ್ತದೆ. ಹೊರಗೆ ಬಣ್ಣದಲ್ಲಿ ಒಂದು ಗುಳ್ಳೆ ಕಂಡಿತೆಂದರೆ ಒಳಗೆ ಅಂಗೈ ಅಗಲದಷ್ಟು ತಗಡು ಆಗಲೇ ಪುಡಿಯಾಗಿರುತ್ತದೆ. ಬ್ಯಾಟರಿ ಕೂರುವ ತಟ್ಟೆ, ಡಿಕ್ಕಿಯ ತಳ, ಜಾಕು ಕೊಡುವ ಜಾಗ, ಮುಂದಿನ ರಬ್ಬರ್ ಮ್ಯಾಟಿನ ಕೆಳಗೆ ಚಾಲಕನ ಕಾಲಿರುವ ಕಡೆ, ಇವು ತುಕ್ಕಿನ ಕಾಯಂ ಅಡ್ಡೆಗಳು.

ಇದಕ್ಕೆ ಊರಿನ ಟಿಂಕರ್ ಬಳಿ ಸಿದ್ಧ ಔಷಧಿ ಇದೆ: ಪುಟ್ಟಿ. ತೂತಿಗೆ ಜಾಲರಿ ಇಟ್ಟು, ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದರೆ ಎರಡು ಮಳೆಗಾಲ ಕಾರು ಮದುಮಗಳಂತೆ ಕಾಣುತ್ತದೆ. ಮೂರನೆಯ ಮಳೆಗಾಲಕ್ಕೆ ಪುಟ್ಟಿ ಹೆಪ್ಪಳಿಕೆ ಕಟ್ಟಿ ಉದುರುತ್ತದೆ. ಆ ಹೊತ್ತಿಗೆ ಸುತ್ತಲಿನ ಒಳ್ಳೆಯ ತಗಡನ್ನೂ ತುಕ್ಕು ನುಂಗಿರುತ್ತದೆ. ಭಾರ ಹೊರುವ ಜಾಗದಲ್ಲಿ ಪುಟ್ಟಿ ಮೆತ್ತುವುದು ಮೋಸ, ಅಪಘಾತವಾದರೆ ಕೊಲೆಯ ಹತ್ತಿರದ ಮಾತು. ಹಳೆಯ ಕಾರಿನ ಪರವಾಗಿ ವಾದಿಸುವವರು ಇದನ್ನು ಮೊದಲು ಒಪ್ಪಿಕೊಂಡೇ ಬಾಯಿ ತೆರೆಯಬೇಕು.

ಸರಿಯಾದ ಕೆಲಸ ನಿಧಾನದ್ದು. ಒಳಗಿನ ಆಸನ, ಮ್ಯಾಟು, ವೈರು ಎಲ್ಲ ಬಿಚ್ಚಿ, ಪ್ರತಿಯೊಂದಕ್ಕೂ ಚೀಟಿ ಅಂಟಿಸಿ, ಫೋಟೊ ತೆಗೆದಿಟ್ಟುಕೊಳ್ಳಬೇಕು. ಗ್ರೈಂಡರಿಗೆ ತಂತಿ ಬ್ರಷ್ ಹಾಕಿ ತಗಡು ಬೆಳ್ಳಗೆ ಹೊಳೆಯುವ ತನಕ ಉಜ್ಜಬೇಕು. ಸುತ್ತಿಗೆಯ ಹಿಂಬದಿಯಿಂದ ತಟ್ಟಿದರೆ ಗಟ್ಟಿ ತಗಡು ಠಣ್ ಎನ್ನುತ್ತದೆ, ಸತ್ತ ತಗಡು ಮಡಕೆಯಂತೆ ಮಂಕಾಗಿ ಸದ್ದು ಮಾಡುತ್ತದೆ. ಸತ್ತದ್ದನ್ನು ಒಳ್ಳೆಯ ತಗಡು ಸಿಗುವವರೆಗೆ ಕತ್ತರಿಸಿ ತೆಗೆದು, ರಟ್ಟಿನಲ್ಲಿ ಅಳತೆ ತೆಗೆದು, ಅದೇ ದಪ್ಪದ ಹೊಸ ತಗಡನ್ನು ಮಡಚಿ, ಮಿಗ್ ವೆಲ್ಡಿಂಗ್‌ನಲ್ಲಿ ಚುಕ್ಕೆ ಚುಕ್ಕೆಯಾಗಿ, ಅಲ್ಲೊಂದು ಇಲ್ಲೊಂದು ಹಾಕುತ್ತ, ನಡುವೆ ಆರಲು ಬಿಡುತ್ತ ಕೂಡಿಸಬೇಕು. ಒಂದೇ ಉಸಿರಿಗೆ ಎಳೆದರೆ ತಗಡು ಕಾದು ಸುಕ್ಕಾಗುತ್ತದೆ. ಬಾಗಿಲು ಬಿಚ್ಚಿ ಹೊಸ್ತಿಲು ಕತ್ತರಿಸುವ ಮೊದಲು ಒಳಗೆ ಅಡ್ಡಪಟ್ಟಿ ಕೊಡದಿದ್ದರೆ ಇಡೀ ಮೈ ನಡುವೆ ಬಾಗುತ್ತದೆ, ಆಮೇಲೆ ಬಾಗಿಲು ಜನ್ಮದಲ್ಲಿ ಸರಿಯಾಗಿ ಮುಚ್ಚುವುದಿಲ್ಲ.

ಚಿಕ್ಕ ಬಿಡಿಭಾಗಗಳಿಗೆ ಬೇರೆ ದಾರಿಗಳಿವೆ. ಪ್ಲಾಸ್ಟಿಕ್ ತೊಟ್ಟಿಯಲ್ಲಿ ವಾಷಿಂಗ್ ಸೋಡಾ ಕಲಸಿದ ನೀರು, ಹಳೆಯ ಬ್ಯಾಟರಿ ಚಾರ್ಜರು, ಒಂದು ಕಬ್ಬಿಣದ ತುಂಡು ಇದ್ದರೆ ವಿದ್ಯುತ್ತಿನಿಂದ ತುಕ್ಕು ಬಿಡಿಸಬಹುದು. ಬಯಲಲ್ಲೇ ಮಾಡಬೇಕು, ಏಕೆಂದರೆ ಹೈಡ್ರೋಜನ್ ಹೊರಡುತ್ತದೆ. ಕಬ್ಬಿಣದ ಬದಲು ಸ್ಟೀಲ್ ಚಮಚವನ್ನೋ ತಟ್ಟೆಯನ್ನೋ ತೂಗುಬಿಟ್ಟರೆ ನೀರಿಗೆ ವಿಷಕಾರಿ ಕ್ರೋಮಿಯಂ ಇಳಿಯುತ್ತದೆ. ಇನ್ನೊಂದು ಉಪಾಯ ಕಾಕಂಬಿ. ನೀರು ಬೆರೆಸಿದ ಕಾಕಂಬಿಯಲ್ಲಿ ವಾರಗಟ್ಟಲೆ ನೆನೆಹಾಕಿದರೆ ಅದು ತುಕ್ಕನ್ನು ಮಾತ್ರ ತಿಂದು ಕಬ್ಬಿಣವನ್ನು ಬಿಡುತ್ತದೆ. ವಾಸನೆಗೆ ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ, ಅದು ಬೇರೆ ಮಾತು.

ಗಮನಿಸಬೇಕಾದ ಸಂಗತಿ ಎಂದರೆ, ಈ ಕೆಲಸಕ್ಕೆ ಬೇಕಾದ ಕೈಗಳು ಚಾಕಣದಲ್ಲಿರುವಷ್ಟು ದೇಶದಲ್ಲಿ ಕೆಲವೇ ಕಡೆ ಇವೆ. ತಗಡಿನ ಗುಣ ಬಲ್ಲವರು, ವೆಲ್ಡಿಂಗ್ ಬಲ್ಲವರು, ಅಚ್ಚು ಕೆತ್ತುವವರು, ಲೇಥ್ ಹಿಡಿದವರು ಓಣಿಗೊಬ್ಬರು. ಭಾನುವಾರ ಪುಣೆಯ ಜುನಾ ಬಜಾರಿಗೆ ಹೋದರೆ ಹಳೆಯ ಕಾರ್ಬ್ಯುರೇಟರು, ಡೈನಮೊ ಗುಡ್ಡೆ ಬಿದ್ದಿರುವಲ್ಲಿ ಹುಡುಕಬಹುದು. ಕೌಶಲ ಇದೆ, ಸಾಮಾನು ಇದೆ. ಇಲ್ಲದಿರುವುದು ಅನುಮತಿ.

ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯುಷ್ಯ. ಆಮೇಲೆ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಇದರಲ್ಲಿ ತಪ್ಪಿಲ್ಲ. ತಪ್ಪಿರುವುದು ಶುಲ್ಕದಲ್ಲಿ. 2022ರ ಏಪ್ರಿಲ್‌ಗೆ ಮೊದಲು ಕಾರಿನ ನವೀಕರಣಕ್ಕೆ 600 ರೂಪಾಯಿ ಇತ್ತು. ಅದು ಒಮ್ಮೆಲೇ 5,000 ಆಯಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರಿಗೆ 10,000, ಅದು ಆಮದು ಕಾರಾದರೆ 80,000 ಎಂದಾಯಿತು. ಸಕಾಲಕ್ಕೆ ಮಾಡಿಸದಿದ್ದರೆ ತಿಂಗಳ ಲೆಕ್ಕದಲ್ಲಿ ದಂಡ ಬೇರೆ. ತಪಾಸಣೆಯ ಕೆಲಸ ಹೊಸ ಕಾರಿಗೂ ಹಳೆಯ ಕಾರಿಗೂ ಹೆಚ್ಚುಕಡಿಮೆ ಒಂದೇ. ಹಾಗಿದ್ದರೆ ಈ ಏರಿಕೆ ಯಾವ ಸೇವೆಗೆ? ಹಳೆಯದನ್ನು ಇಟ್ಟುಕೊಂಡದ್ದಕ್ಕೆ ಹಾಕಿದ ಜುಲ್ಮಾನೆ ಅದು. ಶುಲ್ಕ ಎಂಬುದು ಹೆಸರಿಗೆ ಮಾತ್ರ.

2021ರ ಬೇಸಗೆ ಮುಗಿದ ಮೇಲೆ ಒಂದೇ ಸಚಿವಾಲಯದಿಂದ ಒಂದು ತಿಂಗಳ ಅಂತರದಲ್ಲಿ ಎರಡು ಪ್ರಕಟಣೆಗಳು ಬಂದವು. ಆಗಸ್ಟ್ 13ರಂದು ಗುಜರಿ ನೀತಿ ಜಾರಿಯಾಯಿತು: ಹಳೆಯ ಕಾರನ್ನು ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟರೆ ಹೊಸ ಕಾರಿನ ಷೋರೂಂ ಬೆಲೆಯ ಶೇ 4ರಿಂದ 6ರಷ್ಟು ಮೌಲ್ಯ, ರಸ್ತೆ ತೆರಿಗೆಯಲ್ಲಿ ಶೇ 25ರವರೆಗೆ ವಿನಾಯಿತಿ, ಕಂಪನಿಗಳೂ ಶೇ 5 ಬಿಡಲಿ ಎಂಬ ಸಲಹೆ. ಅದಕ್ಕೆ ಮುಂಚೆ, ಜುಲೈಯಲ್ಲಿ, ವಿಂಟೇಜ್ ವಾಹನಗಳ ನಿಯಮ ಬಂದಿತ್ತು: ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಖಾಸಗಿ ವಾಹನ ವಿಂಟೇಜ್, ಹೊಸದಾಗಿ ನೋಂದಾಯಿಸಲು 20,000 ರೂಪಾಯಿ, ಹತ್ತು ವರ್ಷಕ್ಕೆ ಸಿಂಧು, ನಂಬರಿನಲ್ಲಿ ‘ವಿಎ’ ಅಕ್ಷರ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆಗೆ ಇಳಿಯಬಹುದು.

ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ನಡುವೆ 35 ವರ್ಷದ ಮರುಭೂಮಿ ಕಾಣುತ್ತದೆ. ಹದಿನೈದನೆಯ ವರ್ಷದಿಂದ ಗುಜರಿಗೆ ಕರೆ, ಐವತ್ತನೆಯ ವರ್ಷಕ್ಕೆ ಸನ್ಮಾನ. ಹದಿನಾರರಿಂದ ನಲವತ್ತೊಂಬತ್ತರವರೆಗೆ ಆ ಕಾರನ್ನು ಬದುಕಿಸಿಟ್ಟವನು ಯಾರು? ಅವನ ಹೆಸರು ಯಾವ ನಿಯಮದಲ್ಲೂ ಇಲ್ಲ. ಐವತ್ತನೆಯ ಹುಟ್ಟುಹಬ್ಬದ ದಿನ ಕಾರು ಆಕಾಶದಿಂದ ಉದುರುವುದಿಲ್ಲ. ಯಾರದೋ ಹಿತ್ತಲಲ್ಲಿ, ಯಾರದೋ ಸಂಬಳದ ಉಳಿಕೆಯಲ್ಲಿ ಅದು ಅಲ್ಲಿಯವರೆಗೆ ಬಂದಿರುತ್ತದೆ.

ಹಳೆಯ ವಾಹನ ಕ್ಲಬ್ಬುಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾ, ಚಾರಿತ್ರಿಕ ವಾಹನಕ್ಕೆ ಇಟ್ಟಿರುವ ವಯಸ್ಸು 30. ಜರ್ಮನಿಯಲ್ಲೂ 30. ಅಲ್ಲಿ ಮೂವತ್ತು ದಾಟಿದ ಕಾರನ್ನು ತಜ್ಞರು ಪರೀಕ್ಷಿಸಿ, ಮೂಲ ರೂಪದಲ್ಲಿದೆ, ಸ್ಥಿತಿ ಚೆನ್ನಾಗಿದೆ ಎಂದು ಬರೆದುಕೊಟ್ಟರೆ ನಂಬರಿನ ಕೊನೆಗೆ ‘ಎಚ್’ ಬರುತ್ತದೆ. ಕಾರಿಗೆ ವರ್ಷಕ್ಕೆ 191.73 ಯೂರೊ ತೆರಿಗೆ. ಹೊಗೆ ನಿರ್ಬಂಧದ ವಲಯಕ್ಕೂ ಪ್ರವೇಶ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆಯೇ ಇಲ್ಲ. ಇವು ಕಾರು ಮಾಡಿ ಹೊಟ್ಟೆ ಹೊರೆಯುವ ದೇಶಗಳು, ಹೊಸ ಕಾರು ಮಾರುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಚಾಕಣದಲ್ಲಿ ಕಾರ್ಖಾನೆ ಇಟ್ಟಿರುವ ಮರ್ಸಿಡಿಸ್-ಬೆಂಜ್ ಕಂಪನಿಯೇ 1993ರಿಂದ ಸ್ಟುಟ್‌ಗಾರ್ಟ್ ಪಕ್ಕದ ಫೆಲ್‌ಬಾಖ್‌ನಲ್ಲಿ ತನ್ನ ಹಳೆಯ ಕಾರುಗಳ ರಿಪೇರಿಗಾಗಿಯೇ ಒಂದು ಕೇಂದ್ರ ನಡೆಸುತ್ತಿದೆ. ಹೊಸದನ್ನು ಮಾರುವುದಕ್ಕೂ ಹಳೆಯದನ್ನು ಉಳಿಸುವುದಕ್ಕೂ ಅವರಿಗೆ ವೈರ ಕಂಡಿಲ್ಲ.

ಇಂಡಿಯ ಪದ್ಮಿನಿಗೆ ಮರಳಿದರೆ, ಅದರ ನೋಂದಣಿ ಯಾವಾಗಲೋ ಮುಗಿದಿದೆ. ಅದನ್ನು ಲಾರಿಯಲ್ಲಿ ಸೊಲ್ಲಾಪುರದ ಮೇಲೆ ಚಾಕಣಕ್ಕೆ ತಂದು ರಿಪೇರಿ ಮಾಡಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಅಲ್ಲಿನ ನಂಬರು ಬೇಕು, ಅಂದರೆ ಪಿಂಪರಿ-ಚಿಂಚವಡದ ‘ಎಂಎಚ್ 14’. ಅದಕ್ಕೆ ಮೂಲ ಆರ್‌ಟಿಒದಿಂದ ಎನ್‌ಒಸಿ ಬೇಕು. ಎನ್‌ಒಸಿಗೆ ನೋಂದಣಿ ಚಾಲ್ತಿಯಲ್ಲಿರಬೇಕು. ನೋಂದಣಿ ನವೀಕರಿಸಲು ಕಾರು ತಪಾಸಣೆಗೆ ಹೋಗಬೇಕು. ತಪಾಸಣೆಗೆ ಹೋಗಲು ಕಾರು ಓಡಬೇಕು. ಓಡಬೇಕಾದರೆ ಮೊದಲು ಚಾಕಣಕ್ಕೆ ಬರಬೇಕು. ಬೀಜ-ವೃಕ್ಷ ನ್ಯಾಯ ಎಂದು ಹಿರಿಯರು ಹೇಳುತ್ತಿದ್ದುದು ಇದನ್ನೇ ಇರಬೇಕು. ಬ್ರಿಟನ್ನಿನಲ್ಲಿ, ಈ ಕಾರು ಸದ್ಯ ರಸ್ತೆಗೆ ಇಳಿಯುವುದಿಲ್ಲ ಎಂದು ಘೋಷಿಸಿ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವ ವ್ಯವಸ್ಥೆ 1998ರಿಂದ ಇದೆ. ಇಲ್ಲಿ ಜೀವಾವಧಿ ತೆರಿಗೆ ಕಟ್ಟಿದ ಕಾರಿಗೆ, ನಿಂತ ಕಾರು ಎಂಬ ಸರಳ ಸ್ಥಿತಿಯೇ ಇಲ್ಲ. ಇರುವುದು ಎರಡೇ: ಓಡುವ ಕಾರು, ಗುಜರಿ.

ಇದಕ್ಕಿಂತ ಸೂಕ್ಷ್ಮವಾದ ಮುಳ್ಳೊಂದು ವಿಂಟೇಜ್ ನಿಯಮದ ವ್ಯಾಖ್ಯೆಯಲ್ಲೇ ಅಡಗಿದೆ. ವಾಹನ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿಯ ಕವಚ ಅಥವಾ ಎಂಜಿನ್‌ನಲ್ಲಿ ಮಾರ್ಪಾಡು ಒಳಗೊಂಡ ಗಣನೀಯ ದುರಸ್ತಿ ಆಗಿರಬಾರದು ಎನ್ನುತ್ತದೆ ಅದು. ಬರೆದವರ ಉದ್ದೇಶ ಒಳ್ಳೆಯದೇ, ಹಳೆಯ ಬಾಡಿಯೊಳಗೆ ಹೊಸ ಜಪಾನಿ ಎಂಜಿನ್ ಕೂರಿಸಿ ವಿಂಟೇಜ್ ಎನ್ನುವವರನ್ನು ತಡೆಯುವುದು. ಆದರೆ ಚಾಸಿಯೇ ಇಲ್ಲದ, ಮೈಯೇ ಚಾಸಿಯಾಗಿರುವ ಪದ್ಮಿನಿಯ ನೆಲದ ಹಾಳೆ ಕತ್ತರಿಸಿ ಅದೇ ಅಳತೆಯ ಹೊಸ ಹಾಳೆ ಹಾಕಿದರೆ ಅದು ದುರಸ್ತಿಯೋ ಮಾರ್ಪಾಡೋ? ಕವಚ ಮುಟ್ಟಿದ್ದು ನಿಜ. ಮುಟ್ಟದಿದ್ದರೆ ಕಾರು ಉಳಿಯುವುದಿಲ್ಲ ಎಂಬುದೂ ನಿಜ. ಕಾಯ್ದೆಯ 52ನೇ ಕಲಮು ಕೂಡ ತಯಾರಕರು ಕೊಟ್ಟ ವಿವರಕ್ಕೆ ಭಿನ್ನವಾದ ಬದಲಾವಣೆ ಕೂಡದು ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿಯೇ ಓದಿತು. ತುಕ್ಕು ತೆಗೆದು ಅದೇ ಅಳತೆಯ ತಗಡು ಹಾಕುವುದು ಮಾರ್ಪಾಡಲ್ಲ ಎಂದು ಒಂದು ಸಾಲು ಸೇರಿಸಿದ್ದರೆ ಸಾಕಿತ್ತು. ಆ ಸಾಲು ಇಲ್ಲದ ಕಾರಣ ನಿರ್ಧಾರ ಕೌಂಟರಿನಲ್ಲಿ ಕೂತ ಅಧಿಕಾರಿಯ ಮರ್ಜಿಗೆ ಬಿದ್ದಿದೆ. ಪರಿಣಾಮವೂ ವಿಚಿತ್ರ: ಪ್ರಾಮಾಣಿಕವಾಗಿ ಕತ್ತರಿಸಿ ವೆಲ್ಡ್ ಮಾಡಿದವನ ಕೆಲಸ ಕೆಳಗೆ ಬಗ್ಗಿ ನೋಡಿದರೆ ಕಾಣುತ್ತದೆ, ಪುಟ್ಟಿ ಮೆತ್ತಿ ಬಣ್ಣ ಬಳಿದವನದು ಕಾಣುವುದಿಲ್ಲ.

ಸರ್ಕಾರವನ್ನು ಬೈದು ಸುಮ್ಮನಾದರೆ ಅರ್ಧ ಸತ್ಯ. ಹಳೆಯ ಕಾರಿನ ಅಭಿಮಾನಿಗಳೆಂದು ಹೇಳಿಕೊಳ್ಳುವವರ ಪಾಲೂ ಇದೆ.

ಈ ದೇಶದಲ್ಲಿ ಕಾರಿನ ಪರಂಪರೆ ಎಂದರೆ ಕಣ್ಣಿಗೆ ಕಟ್ಟುವುದು ಮಹಾರಾಜರ ರೋಲ್ಸ್ ರಾಯ್ಸ್. ದೆಹಲಿಯ ಸ್ಟೇಟ್ಸ್‌ಮನ್ ರ‍್ಯಾಲಿ 1964ರಿಂದ ನಡೆಯುತ್ತಿದೆ, ಅಹಮದಾಬಾದಿನ ಹತ್ತಿರ ದೊಡ್ಡ ಸಂಗ್ರಹವಿದೆ. ಕರ್ನಾಟಕದಲ್ಲೂ ಧರ್ಮಸ್ಥಳದ ಸಂಗ್ರಹ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ ನೋಡುವಂಥವು. ಇವೆಲ್ಲ ಆಗಬೇಕಾದ ಕೆಲಸಗಳೇ. ಆದರೆ ಇವುಗಳ ಹೊಳಪು ಒಂದು ಕೆಟ್ಟ ಪಾಠವನ್ನೂ ಕಲಿಸಿದೆ. ಜೀರ್ಣೋದ್ಧಾರ ಎಂದರೆ ಹೊಸದರಂತೆ ಮಿಂಚುವುದು ಎಂದು ಜನ ತಿಳಿದಿದ್ದಾರೆ. ಹಳ್ಳಿಯ ಹೊಯ್ಸಳ ಗುಡಿಗೆ ಆಯಿಲ್ ಪೇಂಟ್ ಬಳಿದು, ನೆಲಕ್ಕೆ ಟೈಲ್ಸ್ ಹಾಕಿ, ಊರಿಗೆ ಊರೇ ಸಂಭ್ರಮಿಸುವುದನ್ನು ಕಂಡ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫಿವಾ 2012ರಲ್ಲಿ ಒಪ್ಪಿಕೊಂಡ ಟ್ಯೂರಿನ್ ಸನ್ನದು ಹೇಳುವುದು ಇದರ ತದ್ವಿರುದ್ಧ: ಉಳಿದಿರುವುದನ್ನು ಮೊದಲು ಉಳಿಸಿ, ಕಾಲದ ಗುರುತುಗಳನ್ನು ಗೌರವಿಸಿ, ಅನಿವಾರ್ಯವಾದಷ್ಟನ್ನೇ ಬದಲಿಸಿ, ಬದಲಿಸಿದ್ದನ್ನು ದಾಖಲಿಸಿ. ಅಪ್ಪನ ಮೊಣಕೈ ತಾಗಿ ಸವೆದ ಕಿಟಕಿಯಂಚು ಪರಂಪರೆ. ಅದರ ಮೇಲೆ ಬಳಿದ ಕನ್ನಡಿಯಂಥ ಮೆಟಾಲಿಕ್ ಕೆಂಪು ಪರಂಪರೆಯಲ್ಲ. ಪದ್ಮಿನಿಗೆ ಅಂಥ ಬಣ್ಣ ಇರಲೇ ಇಲ್ಲ.

ಮನೆಯಲ್ಲಿ ಕೆಲಸ ಮಾಡುವವನು ಈ ವಿಷಯದಲ್ಲಿ ಶ್ರೀಮಂತನಿಗಿಂತ ಒಂದು ಹೆಜ್ಜೆ ಮುಂದಿರುತ್ತಾನೆ, ಅದೂ ಬಡತನದಿಂದಾಗಿ. ಹೊಸ ಬಂಪರ್ ಕೊಳ್ಳಲು ದುಡ್ಡಿಲ್ಲದವನು ಹಳೆಯದನ್ನೇ ನೇರ ಮಾಡುತ್ತಾನೆ. ಅವನ ಸೋಮಾರಿತನವೂ ಕೆಲವೊಮ್ಮೆ ಸಂರಕ್ಷಣೆಯೇ!

ಮೈಸೂರಿನ ಉದಾಹರಣೆ ಇಲ್ಲಿ ತಕ್ಕುದು. ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿತು. ಕಂಪನಿ ಹೋಯಿತು, ಯೆಜ್ಡಿ ಹೋಗಲಿಲ್ಲ. ಮೈಸೂರು, ಬೆಂಗಳೂರಿನ ಮೆಕ್ಯಾನಿಕ್‌ಗಳು, ಮನೆಯಂಗಳದಲ್ಲಿ ಎಂಜಿನ್ ಬಿಚ್ಚಿ ಕೂತ ಹುಡುಗರು, ಜುಲೈನ ಎರಡನೆಯ ಭಾನುವಾರ ಜಾವಾ ದಿನವೆಂದು ಸೇರುವ ಕ್ಲಬ್ಬುಗಳು, ಇವರೆಲ್ಲ ಸೇರಿ ಇಪ್ಪತ್ತು ವರ್ಷ ಆ ಹೆಸರನ್ನು ಬದುಕಿಸಿಟ್ಟರು. 2018ರ ನವೆಂಬರ್‌ನಲ್ಲಿ ಮಹೀಂದ್ರ ಸಮೂಹದ ಬೆಂಬಲದ ಹೊಸ ಕಂಪನಿಯೊಂದು ಜಾವಾವನ್ನೂ 2022ರ ಜನವರಿಯಲ್ಲಿ ಯೆಜ್ಡಿಯನ್ನೂ ಮತ್ತೆ ಮಾರುಕಟ್ಟೆಗೆ ತಂದಾಗ ಅದು ಮಾರಿದ್ದರಲ್ಲಿ ಅರ್ಧ ಸರಕು ನೆನಪು. ಆ ನೆನಪನ್ನು ಸಾಕಿದವರು ಸಂಬಳ ಕೇಳಿರಲಿಲ್ಲ. ಅದೇ ಕಾಲದಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಸಿಪಾನಿಯ ಬಾದಲ್, ಡಾಲ್ಫಿನ್ ಕಾರುಗಳನ್ನು ಎಷ್ಟು ಮಂದಿ ಕಣ್ಣಾರೆ ಕಂಡಿದ್ದಾರೆ? ಅವುಗಳ ಮೈ ಫೈಬರ್ ಗ್ಲಾಸಿನದು, ತುಕ್ಕು ಹಿಡಿಯುವಂಥದ್ದೇ ಅಲ್ಲ. ಸಾಕುವವರು ಸಿಗಲಿಲ್ಲ, ಅಷ್ಟೇ.

ಎದುರುವಾದಿಗಳ ಮಾತು ಹಗುರವಲ್ಲ. ಹಳೆಯ ಎಂಜಿನ್ ಪ್ರತಿ ಕಿಲೋಮೀಟರಿಗೆ ಹೊಸದಕ್ಕಿಂತ ಎಷ್ಟೋ ಹೆಚ್ಚು ಹೊಗೆ ಬಿಡುತ್ತದೆ. ಇದು ನಿಜ. ದಿನಾ ನೂರು ಕಿಲೋಮೀಟರ್ ಓಡುವ ಹಳೆಯ ಡೀಸೆಲ್ ಗಾಡಿಯನ್ನು ಯಾರೂ ಸಮರ್ಥಿಸಬೇಕಿಲ್ಲ. ಹಿತ್ತಲ ಪದ್ಮಿನಿ ವರ್ಷಕ್ಕೆ ಓಡುವುದು ಹಬ್ಬಕ್ಕೆ, ಜಾತ್ರೆಗೆ. ಅದರ ಜಾಗದಲ್ಲಿ ಹೊಸ ಕಾರು ಬಂದರೆ, ಅದರ ಉಕ್ಕು ಕರಗಿಸುವಲ್ಲೇ ಟನ್ನಿಗೆ ಎರಡು ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಹೊರಬಿದ್ದಿರುತ್ತದೆ. ಅಲ್ಯೂಮಿನಿಯಂ, ಪ್ಲಾಸ್ಟಿಕ್ಕಿನ ಲೆಕ್ಕ ಬೇರೆ. ದೆಹಲಿ ಸುತ್ತಮುತ್ತ 10 ವರ್ಷದ ಡೀಸೆಲ್, 15 ವರ್ಷದ ಪೆಟ್ರೋಲ್ ಎಂಬ ಮಿತಿಯನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದದ್ದು ಅಲ್ಲಿನ ಗಾಳಿಯ ಕಾರಣಕ್ಕೆ. ಆ ಮಿತಿಯ ಬಗ್ಗೆ ಆಮೇಲೂ ತಕರಾರು ನಿಂತಿಲ್ಲ. ಅಲ್ಲಿನ ಔಷಧಿಯನ್ನು ಇಡೀ ದೇಶಕ್ಕೆ ಕುಡಿಸಬೇಕಿಲ್ಲ. ಎಷ್ಟು ವಯಸ್ಸು ಎಂದು ಕೇಳುವ ಬದಲು ಎಷ್ಟು ಓಡುತ್ತದೆ, ಯಾವ ಸ್ಥಿತಿಯಲ್ಲಿದೆ ಎಂದು ಕೇಳಿದರೆ ಮುಗಿಯಿತು.

ಸುರಕ್ಷತೆಯ ಮಾತೂ ಹಾಗೆಯೇ. ಬ್ರೇಕು ಡ್ರಮ್ಮಿನದು, ಏರ್‌ಬ್ಯಾಗ್ ಕನಸಿನಲ್ಲೂ ಇಲ್ಲ. ಹಾಗಾದರೆ ವೇಗಕ್ಕೆ ಮಿತಿ ಹಾಕಿ, ವೆಲ್ಡಿಂಗ್ ಪರೀಕ್ಷಿಸಿ, ಬೆಲ್ಟು ಕಡ್ಡಾಯ ಮಾಡಿ. ಬೀದಿಯಲ್ಲಿ ವರ್ಷಗಟ್ಟಲೆ ಕೊಳೆಯುತ್ತ ನಿಂತು ಜನರ ದಾರಿ ಕಟ್ಟುವ ಕಾರನ್ನು ಪಾಲಿಕೆ ಎತ್ತಿಕೊಂಡು ಹೋಗಲಿ, ಅದರಲ್ಲಿ ಎರಡು ಮಾತಿಲ್ಲ. ನೆನಪಿನ ಹೆಸರಿನಲ್ಲಿ ಬೀದಿ ಒತ್ತುವರಿ ಮಾಡುವ ಹಕ್ಕು ಯಾರಿಗೂ ಇಲ್ಲ.

ಪೆಟ್ರೋಲಿನ ಸಂಗತಿ ಬೇರೆಯೇ ಒಂದು ಲೇಖನಕ್ಕಾಗುವಷ್ಟಿದೆ. ಶೇ 20 ಎಥೆನಾಲ್ ಬೆರೆತ ಪೆಟ್ರೋಲೇ ಈಗ ದೇಶದ ಬಂಕುಗಳಲ್ಲಿ ಸಾಮಾನ್ಯ. ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಹಳೆಯ ಕಾರಿನ ಟ್ಯಾಂಕಿನಲ್ಲಿ ಆ ನೀರು ತಳಕ್ಕಿಳಿದು ಒಳಗಿನಿಂದ ತುಕ್ಕು ಹಿಡಿಸುತ್ತದೆ, ಹಳೆಯ ರಬ್ಬರ್ ಪೈಪು, ಪಂಪಿನ ಪೊರೆ ಮೆತ್ತಗಾಗುತ್ತವೆ. ಬ್ರಿಟನ್ 2021ರ ಸೆಪ್ಟೆಂಬರ್‌ನಲ್ಲಿ ಶೇ 10ಕ್ಕೆ ಏರಿಸಿದಾಗ ಹಳೆಯ ಗಾಡಿಗಳಿಗೆಂದು ಶೇ 5ರ ಪೆಟ್ರೋಲನ್ನೂ ಬಂಕಿನಲ್ಲಿ ಉಳಿಸಿತು. ಇಲ್ಲಿ ಹಾಗೊಂದು ಯೋಚನೆ ಬಂದಂತಿಲ್ಲ. ಇಂಡಿಯ ಹೊಲದ ಕಬ್ಬಿನಿಂದ ಬಂದ ಕಾಕಂಬಿ ತುಕ್ಕು ಬಿಡಿಸುತ್ತದೆ, ಅದೇ ಕಬ್ಬಿನಿಂದ ಬಂದ ಎಥೆನಾಲ್ ತುಕ್ಕು ಹಿಡಿಸುತ್ತದೆ.

ರಿಪೇರಿಯ ಹಕ್ಕಿನ ಬಗ್ಗೆ ಕೇಂದ್ರ ಸರ್ಕಾರ 2022ರಲ್ಲಿ ಸಮಿತಿ ಮಾಡಿ, ಪೋರ್ಟಲ್ ತೆರೆದು, ಮೊಬೈಲ್, ಕೃಷಿ ಯಂತ್ರಗಳ ಜೊತೆ ವಾಹನಗಳನ್ನೂ ಅದರಲ್ಲಿ ಸೇರಿಸಿತು. ಅದಕ್ಕೂ ಮೊದಲು, 2014ರ ಆಗಸ್ಟ್‌ನಲ್ಲಿ, ಬಿಡಿಭಾಗ ಮತ್ತು ತಾಂತ್ರಿಕ ಮಾಹಿತಿಯನ್ನು ಹೊರಗಿನ ಗ್ಯಾರೇಜುಗಳಿಗೆ ಕೊಡದೆ ಕಟ್ಟಿಹಾಕಿದ್ದಕ್ಕೆ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಅಂದರೆ ರಿಪೇರಿ ಒಳ್ಳೆಯದು ಎಂದು ಒಂದು ಇಲಾಖೆಗೆ ಗೊತ್ತು. ಇನ್ನೊಂದು ಇಲಾಖೆ ಅದೇ ರಿಪೇರಿ ಮಾಡಿದವನಿಂದ ಹತ್ತು ಸಾವಿರ ಕೇಳುತ್ತದೆ.

ಬೇಕಿರುವುದು ದೊಡ್ಡದೇನಲ್ಲ. ಮೂವತ್ತು ವರ್ಷಕ್ಕೆ ಒಂದು ನಡುವಣ ದರ್ಜೆ, ಕಡಿಮೆ ಓಟದ ಷರತ್ತಿನೊಂದಿಗೆ ಹಳೆಯ 600 ರೂಪಾಯಿಯ ಶುಲ್ಕ, ರಿಪೇರಿಯಲ್ಲಿರುವ ಕಾರನ್ನು ದಂಡವಿಲ್ಲದೆ ಮನೆಯಲ್ಲಿ ನಿಲ್ಲಿಸುವ ಹಕ್ಕು, ತುಕ್ಕಿನ ತಗಡು ಬದಲಿಸುವುದು ಮಾರ್ಪಾಡಲ್ಲ ಎಂಬ ಆ ಒಂದು ಸಾಲು. ಇದರಿಂದ ಚಾಕಣದ ಯಾವ ಕಾರ್ಖಾನೆಯ ಒಂದು ಕಾರಿನ ಮಾರಾಟವೂ ತಪ್ಪುವುದಿಲ್ಲ. ಪದ್ಮಿನಿ ಇಟ್ಟುಕೊಂಡವನೂ ದಿನದ ಓಡಾಟಕ್ಕೆ ಹೊಸದನ್ನೇ ಕೊಳ್ಳುತ್ತಾನೆ.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಯನ್ನು ಅದರ ಒಡೆಯರ ಕೈಗಿತ್ತರು. ಅವರು ಬದುಕಿರುವವರೆಗೂ ಆ ಕಾರನ್ನು ಮಾರಲಿಲ್ಲ. 2010ರಲ್ಲಿ ಅವರು ತೀರಿಕೊಂಡ ಮೇಲೆ ಅದು ದೆಹಲಿಯ ಮನೆಯ ಮುಂದೆ ತುಕ್ಕು ಹಿಡಿಯುತ್ತ ನಿಂತಿತು. ದೇಶದ ರಸ್ತೆಗಳನ್ನೇ ಬದಲಿಸಿದ ಕಾರಿನ ಮೊದಲನೆಯದು! ಕೊನೆಗೆ ಕಂಪನಿಯೇ ಅದನ್ನು ಸರಿಪಡಿಸಿ ತನ್ನ ಮುಖ್ಯ ಕಚೇರಿಯಲ್ಲಿ ಪ್ರದರ್ಶನಕ್ಕಿಟ್ಟಿದೆ. ನಿಯಮದ ಲೆಕ್ಕದಲ್ಲಿ ಅದು ವಿಂಟೇಜ್ ಆಗಲು 2033ರ ಕೊನೆಯವರೆಗೆ ಕಾಯಬೇಕು. ಅದಕ್ಕೊಂದು ಕಂಪನಿ ಇದೆ, ಕಾಯುತ್ತದೆ. ಇಂಡಿಯ ಪದ್ಮಿನಿಗೆ ಐವತ್ತು ತುಂಬುವುದು 2031ಕ್ಕೆ. ಅದನ್ನು ಮಾಡಿದ ಕುರ್ಲಾದ ಕಾರ್ಖಾನೆ ಈಗಿಲ್ಲ. ಖರಾಬವಾಡಿಯ ಶೆಡ್ಡಿನಲ್ಲಿ ಎಡಗಡೆಯ ಹೊಸ್ತಿಲು ಮುಗಿದಿದೆ ಎಂದುಕೊಳ್ಳೋಣ. ಬಲಗಡೆಯದಕ್ಕೆ ಅಳತೆ ತೆಗೆದ ರಟ್ಟು ಗೋಡೆಗೆ ಒರಗಿದೆ, ಮಳೆ ಶುರುವಾಗುವ ಮೊದಲು ಪ್ರೈಮರ್ ಬೀಳಬೇಕು.